ನರಿ ಮುಖ ನೋಡೋಕೆ ಐದು ಗಂಟೆ ಡ್ರೈವ್

ಕೊಯೋಟಿ ಅನ್ನುವ ನರಿಯಂಥ ಪ್ರಾಣಿಯ ಬೇಟೆಗೆ ಹೋಗಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಕೋವಿ ನಾನು ಮುಟ್ಟಲಿಲ್ಲ. ನನ್ನ ಹಾಗೆ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವವರು ಅಮೆರಿಕದಲ್ಲಿ ಬಂದೂಕು ಹಿಡಿಯುವಂತಿಲ್ಲ. ಬೇಟೆ ಲೈಸೆನ್ಸ್ ಮಾಡಿಸಿಕೊಂಡರೆ ವಿನಾಯಿತಿ ಇದೆ, ನಾನು ಮಾಡಿಸಿರಲಿಲ್ಲ. ತಮಾಷೆ ಅಂದರೆ, ನಾನಿರುವ ನೆಬ್ರಾಸ್ಕಾ ರಾಜ್ಯದ ನಿವಾಸಿಗಳಿಗೆ ಕೊಯೋಟಿ ಹೊಡೆಯೋಕೆ ಪರ್ಮಿಟ್ಟೇ ಬೇಡ. ವರ್ಷದ ಯಾವ ದಿನ ಬೇಕಾದರೂ ಹೊಡೆಯಬಹುದು. ಅಂತೂ ನನ್ನ ಕೈಗೆ ಗೆಳೆಯರು ಕೊಟ್ಟಿದ್ದು ಒಂದು ರಿಮೋಟ್. ಟಿವಿ ರಿಮೋಟಿನಷ್ಟೇ ಇತ್ತು. ಅದರ ಕಥೆ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜನವರಿ ಕೊನೆಯ ವಾರ. ಒಮಾಹಾದಿಂದ ಆಫೀಸಿನ ಇಬ್ಬರ ಜೊತೆ ಪಿಕಪ್‌ನಲ್ಲಿ ಪಶ್ಚಿಮಕ್ಕೆ ಹೊರಟೆವು. ಒಬ್ಬ ನಮ್ಮ ಡೇಟಾಬೇಸ್ ನೋಡಿಕೊಳ್ಳುವವನು, ಇನ್ನೊಬ್ಬ ಟೆಸ್ಟಿಂಗ್‌ನವನು. ವಾರವಿಡೀ ನೋಡಿದರೆ ಇಬ್ಬರೂ ಇರುವೆ ಮೆಟ್ಟದ ಜನ. ಹೋಗಿದ್ದು ಸ್ಯಾಂಡ್‌ಹಿಲ್ಸ್‌ಗೆ. ಮರಳಿನ ದಿಬ್ಬಗಳು, ಮೇಲೆ ಹುಲ್ಲಿನ ಹೊದಿಕೆ, ಅಲ್ಲಲ್ಲಿ ಗಾಳಿಯಂತ್ರ, ದನ. ಸುಮಾರು 50 ಸಾವಿರ ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದ ಕಾಲು ಭಾಗ. ಥೆಡ್‌ಫರ್ಡ್ ದಾಟಿ ಮಲ್ಲೆನ್ ಕಡೆ ಹೋದರೆ ಫೋನಿನ ಗಡಿಯಾರ ತಾನೇ ಒಂದು ಗಂಟೆ ಹಿಂದೆ ಹೋಗುತ್ತೆ. ಡೇಟಾಬೇಸಿನವನ ಮಾವನ ರ‍್ಯಾಂಚ್ ಇರುವುದು ಅಲ್ಲೇ.

ಕೊಯೋಟಿಗೆ ಕನ್ನಡದಲ್ಲಿ ಹೆಸರಿಲ್ಲ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಪೇಟೆಯವರು ‘ಕಾಯೋಟಿ’ ಅಂತಾರೆ, ಹಳ್ಳಿಯವರು ‘ಕಾಯೋಟ್’ ಅಂತ ಕತ್ತರಿಸಿ ಹೇಳುತ್ತಾರೆ. ನಾನು ಪುಸ್ತಕದಲ್ಲಿ ಓದಿಕೊಂಡ ಹಾಗೆ ‘ಕೊಯೋಟಿ’ ಅಂದಿದ್ದಕ್ಕೆ ಮಾವ ಕೆಮ್ಮು ಬರುವ ತನಕ ನಕ್ಕರು.

ನಾವು ಹೋಗಿದ್ದು ‘ಪ್ರಿಡೇಟರ್ ಕಾಲಿಂಗ್’ಗೆ. ಇದು ಅಟ್ಟಿಸಿಕೊಂಡು ಹೋಗುವ ಬೇಟೆ ಅಲ್ಲ. ಕೂಗಿ ಕರೆಯುವುದು. ಮೊಲ ಸಿಕ್ಕಿಬಿದ್ದು ಅರಚುವ ಸದ್ದು, ಇಲಿ ಕಿಚಗುಟ್ಟುವ ಸದ್ದು, ಬೇರೆ ಕೊಯೋಟಿಯ ಊಳು, ಇವನ್ನೆಲ್ಲ ಬಾಯಲ್ಲಿ ಊದುವ ಪೀಪಿಯಿಂದಲೋ ಬ್ಯಾಟರಿ ಸ್ಪೀಕರಿನಿಂದಲೋ ಹೊರಡಿಸಿ ಸುಮ್ಮನೆ ಕೂರಬೇಕು. ಹಸಿದ ಪ್ರಾಣಿ ತಾನೇ ಬರುತ್ತೆ. ಚಳಿಗಾಲವೇ ಯಾಕೆ ಅಂದರೆ, ಆಗ ಹೊಟ್ಟೆಗೆ ಸಿಗುವುದು ಕಡಿಮೆ, ತುಪ್ಪಟ ದಪ್ಪ, ಹಿಮದ ಮೇಲೆ ಕಣ್ಣಿಗೂ ಬೀಳುತ್ತೆ. ಜೊತೆಗೆ ಜನವರಿಯಿಂದ ಮಾರ್ಚ್ ತನಕ ಅವುಗಳ ಜೋಡಿ ಕೂಡುವ ಕಾಲ. ಊಳಿಗೆ ಬೇಗ ಉತ್ತರ ಕೊಡುತ್ತವೆ.

ನಮಗೇನು ಇದು ಹೊಸದಲ್ಲ. ಹಳೆಗನ್ನಡದಲ್ಲಿ ‘ದೀವ’ ಅನ್ನುವ ಮಾತೇ ಇದೆ. ಕಾಡಿನ ಪ್ರಾಣಿಯನ್ನು ಸೆಳೆಯೋಕೆ ಬಿಡುವ ಪಳಗಿಸಿದ ಪ್ರಾಣಿ. ಹಕ್ಕಿಪಿಕ್ಕಿ ಜನ ಹಕ್ಕಿಯ ಕೂಗು ಕೂಗಿ ಹಕ್ಕಿಯನ್ನೇ ಕರೆಯುತ್ತಿದ್ದರು. ನಾನು ಮಲೆನಾಡಿನವನು. ಅಜ್ಜನ ಕಾಲದ ಶಿಕಾರಿ ಕಥೆಗಳನ್ನು ಕೇಳಿಕೊಂಡೇ ಬೆಳೆದವನು. ಪೊದೆ ಬಡಿದು ಪ್ರಾಣಿ ಎಬ್ಬಿಸುವ ಹಳು ಸೋಯುವವರು ಒಂದು ಕಡೆ, ಕೋವಿ ಹಿಡಿದು ಕಾಯುತ್ತಾ ಬಿಲ್ಲಿಗೆ ಕೂತವರು ಇನ್ನೊಂದು ಕಡೆ. “ಬೀಡಿ ಹಚ್ಚಬೇಡ ಮಾರಾಯ, ಗಾಳಿ ಆ ಕಡೆ ಹೋಗ್ತಿದೆ” ಅನ್ನುವ ಅಜ್ಜನ ಮಾತನ್ನು ಇಂಗ್ಲಿಷಿನಲ್ಲಿ ಡೇಟಾಬೇಸಿನವನ ಬಾಯಲ್ಲಿ ಕೇಳಿದಾಗ ಮೈ ಜುಮ್ ಅಂದಿತು. ಬೀಡಿ ಬದಲು ಕಾಫಿ ಫ್ಲಾಸ್ಕ್, ಅಷ್ಟೇ.

ಬೆಳಗ್ಗೆ ಆರೂವರೆಗೆ ಮೈನಸ್ 19 ಡಿಗ್ರಿ. ಪಿಕಪ್ಪನ್ನು ದಿಬ್ಬದ ಹಿಂದೆ ಮರೆ ಮಾಡಿ ನಿಲ್ಲಿಸಿದರು. ಬಾಗಿಲು ಹಾಕುವುದಕ್ಕೂ ಒಂದು ಕ್ರಮ. ಬಡಿಯುವಂತಿಲ್ಲ, ಸೊಂಟದಿಂದ ಒತ್ತಿ ‘ಕ್ಲಿಕ್’ ಅನ್ನುವಷ್ಟೇ ಸದ್ದು. ಹಿಮದ ಮೇಲ್ಪದರ ಹಪ್ಪಳದ ಹಾಗೆ ಮುರಿಯುತ್ತಿತ್ತು. ಸ್ಪೀಕರನ್ನು ನಲವತ್ತು ಹೆಜ್ಜೆ ಆಚೆ ಇಟ್ಟು, ಪಕ್ಕದಲ್ಲಿ ಒಂದು ಕೋಲಿಗೆ ತುಪ್ಪಟದ ತುಂಡು ಸಿಕ್ಕಿಸಿ ಕುಣಿಯುವ ಹಾಗೆ ಮಾಡಿದರು. ಸೋಪ್‌ವೀಡ್ ಅಂತ ಚೂಪು ಎಲೆಯ ಪೊದೆ ಇದೆ, ಅದರ ಮುಂದೆ ಕೂತೆವು. ಕೊಯೋಟಿ ನೇರ ಬರುವುದಿಲ್ಲವಂತೆ. ಸುತ್ತು ಹಾಕಿ, ಗಾಳಿ ಬೀಸಿ ಹೋಗುವ ಕಡೆಯಿಂದ ಮೂಸುತ್ತಾ ಬರುತ್ತೆ. ಹಾಗಾಗಿ ಸದ್ದು ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ಒತ್ತಿದೆ. ಮೊಲದ ಕೂಗು. ಕೇಳದವರಿಗೆ ಹೇಗೆ ಹೇಳಲಿ? ಎಳೆಗೂಸು ಹೊಟ್ಟೆನೋವಿಗೆ ಅಳುವ ಹಾಗೆ. ಎರಡು ಮಕ್ಕಳನ್ನು ರಾತ್ರಿ ಎತ್ತಿಕೊಂಡು ಓಡಾಡಿದ ನನಗೆ ಕೂತಲ್ಲೇ ಕೂರೋಕೆ ಆಗಲಿಲ್ಲ. ಇಪ್ಪತ್ತು ನಿಮಿಷ ಹಾಗೇ. ಬಂದದ್ದು ಕೊಯೋಟಿ ಅಲ್ಲ, ಒಂದು ಗಿಡುಗ. ಸದ್ದಿಲ್ಲದೆ ಇಳಿದು ತುಪ್ಪಟದ ತುಂಡಿಗೆ ಉಗುರು ಹಾಕಿ, ಮೋಸ ಅಂತ ಗೊತ್ತಾಗಿ, ಪಕ್ಕದ ಬೇಲಿ ಕಂಬದ ಮೇಲೆ ಕೂತು ನಮ್ಮನ್ನೇ ದುರುಗುಟ್ಟಿ ನೋಡಿತು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕ್ಷಣ ಅದೇ. ಎರಡನೇ ಜಾಗದಲ್ಲಿ ಏನೂ ಇಲ್ಲ. ಕಾಲು ಬೆರಳು ಇದೆಯೋ ಇಲ್ಲವೋ ಅಂತ ಅನುಮಾನ.

ಮೂರನೇ ಜಾಗದಲ್ಲಿ ಊಳು ಹಾಕಿ ಐದು ನಿಮಿಷ ಆಗಿರಬಹುದು. ಎಡಗಡೆ ದಿಬ್ಬದ ಅಂಚಿನಲ್ಲಿ ಹುಲ್ಲಿನದೇ ಬಣ್ಣದ ಏನೋ ಜಾರಿತು. ಬೈನಾಕ್ಯುಲರಿನಲ್ಲಿ ನೋಡಿದರೆ ಅದು. ಕಿವಿ ಎರಡೂ ನಮ್ಮ ಕಡೆ. ಬರುತ್ತಿದ್ದ ಗತ್ತು ನೋಡಬೇಕಿತ್ತು. ಓಟ ಅಲ್ಲ, ನಡಿಗೆಯೂ ಅಲ್ಲ, ನೀರು ಹರಿದ ಹಾಗೆ. ಟೆಸ್ಟಿಂಗ್‌ನವನು ಬಾಯಲ್ಲಿ ‘ವೂಫ್’ ಅಂದ. ನಿಂತಿತು. ನಿಲ್ಲಿಸೋಕೇ ಹಾಗೆ ಮಾಡುವುದು. ಒಂದೇ ಈಡು.

ನಾನು ಏಳೋಕೆ ಹೋದೆ. ಡೇಟಾಬೇಸಿನವನು ತೋಳು ಹಿಡಿದು ಕೂರಿಸಿದ. ರಿಮೋಟಿನ ಕಡೆ ಬೆರಳು ತೋರಿಸಿ ಪಿಸುಗುಟ್ಟಿದ, ‘ಮರಿ ಕೂಗು, ಮರಿ ಕೂಗು ಹಾಕು.’ ಪಟ್ಟಿಯಲ್ಲಿ ಹುಡುಕಿ ಒತ್ತಿದೆ. ಪೆಟ್ಟು ತಿಂದ ಮರಿ ಅರಚುವ ಸದ್ದು. ಜೊತೆಗಾರ ಇದ್ದರೆ ಬಿಟ್ಟುಹೋಗಲಾರ, ಬಂದೇ ಬರುತ್ತಾನೆ ಅನ್ನುವ ಲೆಕ್ಕ.

ಬಂತು. ದಿಬ್ಬದ ನೆತ್ತಿಯ ಮೇಲೆ, ಕೋವಿಗೆ ನಿಲುಕದಷ್ಟು ದೂರದಲ್ಲಿ ನಿಂತು ಬೊಗಳಿತು. ಊಳಲ್ಲ, ಬೊಗಳು. ಆ ಕಡೆ ಓಡುತ್ತೆ, ಮತ್ತೆ ವಾಪಸ್ ಬರುತ್ತೆ, ಬೊಗಳುತ್ತೆ. ಹತ್ತು ನಿಮಿಷ. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಆಮೇಲೆ ಇಳಿದುಹೋಯಿತು.

ಬಿದ್ದಿದ್ದು ಹೆಣ್ಣು. ಹನ್ನೆರಡು ಕಿಲೋ ಇರಬಹುದು. ಬಾಲದ ತುದಿ ಕಪ್ಪು, ರೆಪ್ಪೆಯ ಮೇಲೆ ಇಬ್ಬನಿ ಗಟ್ಟಿಯಾಗಿ ಉಪ್ಪಿನ ಹರಳಿನ ಹಾಗೆ ಕೂತಿತ್ತು. ನಮ್ಮೂರಲ್ಲಿ ಅದೃಷ್ಟ ಖುಲಾಯಿಸಿದವನಿಗೆ ‘ಬೆಳಗ್ಗೆ ಎದ್ದು ನರಿ ಮುಖ ನೋಡಿದ್ಯಾ’ ಅಂತ ಕೇಳುತ್ತಾರಲ್ವಾ? ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಸಂಜೆ ಮಾವನ ಅಡುಗೆಮನೆಯಲ್ಲಿ ಚಿಲ್ಲಿ ಅನ್ನುವ ಖಾರದ ಮಾಂಸದ ಸಾರು, ಜೊತೆಗೆ ದಾಲ್ಚಿನ್ನಿ ಹಾಕಿದ ಸಿಹಿ ಬನ್, ಅಂದರೆ ಸಿನಮನ್ ರೋಲ್. ನೆಬ್ರಾಸ್ಕಾದವರು ಇವೆರಡನ್ನೂ ಒಟ್ಟಿಗೆ ತಿನ್ನುತ್ತಾರೆ. ನಗಬೇಡಿ, ಒಬ್ಬಟ್ಟಿನ ಪಕ್ಕದಲ್ಲೇ ಖಾರದ ಒಬ್ಬಟ್ಟಿನ ಸಾರು ಬಡಿಸಿಕೊಳ್ಳುವ ನಾವು ನಗುವ ಹಾಗಿಲ್ಲ. ಅಲ್ಲಿ ಟೆಸ್ಟಿಂಗ್‌ನವನು ಹೇಳಿದ, ‘ಇನ್ನೊಂದು ತಿಂಗಳಲ್ಲಿ ಇವರ ಹಸುಗಳು ಕರು ಹಾಕುತ್ತವೆ. ಒಂದು ಕರುವಾದರೂ ಉಳಿಯಿತಲ್ಲ.’

ನನಗೆ ಒಪ್ಪಿಗೆಯಾಗದ್ದು ಇದೇ ಮಾತು. ಕೊಯೋಟಿ ಎಳೆಗರುವನ್ನು ತಿನ್ನುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೊಟ್ಟಿಗೆ ಹತ್ತಿರ ರುಚಿ ಹತ್ತಿದ ಒಂದನ್ನು ಮಾವ ಹೊಡೆದರೆ ನಾನು ಪ್ರಶ್ನೆ ಮಾಡುವುದಿಲ್ಲ. ಆದರೆ ಅವತ್ತು ನಾವು ಹೊಡೆದದ್ದು ಕರು ತಿಂದದ್ದನ್ನಲ್ಲ, ಕೂಗಿಗೆ ಓಗೊಟ್ಟದ್ದನ್ನು. ಅಮೆರಿಕ ಸರ್ಕಾರದ ಇಲಾಖೆಯೇ ಎಷ್ಟೋ ಸಲ ಒಂದೇ ವರ್ಷದಲ್ಲಿ 60 ಸಾವಿರಕ್ಕಿಂತ ಹೆಚ್ಚು ಕೊಯೋಟಿ ಕೊಂದಿದೆ. ಆದರೂ ಒಂದು ಕಾಲಕ್ಕೆ ಬಯಲಿನ ಪ್ರಾಣಿಯಾಗಿದ್ದದ್ದು ಇವತ್ತು ಹವಾಯಿ ಬಿಟ್ಟು 49 ರಾಜ್ಯಗಳಲ್ಲೂ ಇದೆ. ತೋಳವನ್ನು ಇವರೇ ಮುಗಿಸಿದರು, ಖಾಲಿಯಾದ ಜಾಗಕ್ಕೆ ಇದು ಬಂತು. 1975ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ಲೆಕ್ಕ ಹಾಕಿದರು: ಪ್ರತಿ ವರ್ಷ ನೂರಕ್ಕೆ 75 ಕೊಂದರೂ ಪೂರ್ತಿ ಇಲ್ಲವಾಗಿಸೋಕೆ 50 ವರ್ಷ ಬೇಕು. ನಾವು ಮೂವರು ಶನಿವಾರ ಹೊಡೆದ ಒಂದರಿಂದ ಏನಾದೀತು?

ತುಪ್ಪಟಕ್ಕೂ ಬೆಲೆ ಇಲ್ಲ. ಟೋಪಿಗೆ ಕೊಯೋಟಿ ತುಪ್ಪಟ ಹೊಲಿದು ದುಬಾರಿ ಜಾಕೆಟ್ ಮಾರುತ್ತಿದ್ದ ಕೆನಡಾ ಗೂಸ್ ಕಂಪನಿ ಅದನ್ನು ಬಿಡುತ್ತೇವೆ ಅಂತ 2021ರಲ್ಲೇ ಹೇಳಿತು. ಸುಲಿಯುವ ಕಷ್ಟ ಯಾಕೆ ಅಂತ ಗೆಳೆಯರು ಸತ್ತ ಕೊಯೋಟಿಯನ್ನು ಹಳ್ಳದಲ್ಲೇ ಬಿಟ್ಟರು. ನಮ್ಮ ಮಲೆನಾಡಿನ ಶಿಕಾರಿಯಲ್ಲಿ ಮಾಂಸದ ಪಾಲು ಇತ್ತು. ಈಡುಗಾರನಿಗೆ ಒಂದು ಜಾಸ್ತಿ, ನಾಯಿಗೂ ಒಂದು.

ಹಾಗಂತ ನಮ್ಮವರೇನು ಸಾಚಾ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1991ರ ತಿದ್ದುಪಡಿಯಲ್ಲಿ ಪರವಾನಗಿ ಬೇಟೆಗೂ ಬಾಗಿಲು ಹಾಕುವ ತನಕ ಅಜ್ಜನ ಕಡೆಯವರೂ ಇದೇ ರಾಗ ಹಾಡುತ್ತಿದ್ದರು. ‘ಹಂದಿ ಗದ್ದೆ ಹಾಳು ಮಾಡುತ್ತೆ.’ ನಿಜ, ಮಾಡುತ್ತೆ. ಆದರೆ ನಮ್ಮ ಮನೆಯ ಶಿಕಾರಿ ಕಥೆಗಳೆಲ್ಲ ಸಂಕ್ರಾಂತಿ ಆದಮೇಲಿನವು. ಭತ್ತ ಕಣಜ ಸೇರಿ, ಗದ್ದೆಯಲ್ಲಿ ಕೂಳೆ ಬಿಟ್ಟು ಏನೂ ಇಲ್ಲದ ಕಾಲ. ಚಿಕ್ಕವನಿದ್ದಾಗ ಇದು ಹೊಳೆದಿರಲಿಲ್ಲ. ಸ್ಯಾಂಡ್‌ಹಿಲ್ಸ್‌ನಲ್ಲಿ ಚಿಲ್ಲಿ ತಿನ್ನುವಾಗ ಹೊಳೆಯಿತು.

ಖುಷಿಗೆ ಹೋಗುತ್ತೇವೆ ಅಂತ ಹೇಳಿದರೆ ಆಯಿತಪ್ಪ. ಗಾಳಿ ಓದುವುದು, ಜಾಗ ಹುಡುಕುವುದು, ಆ ಚಳಿಯಲ್ಲಿ ಅಲ್ಲಾಡದೆ ಕೂರುವುದು, ಇದೆಲ್ಲ ನಿಜವಾದ ವಿದ್ಯೆ. ಅದನ್ನು ನೋಡಿ ನನಗೆ ಗೌರವವೇ ಬಂತು. ಅದಕ್ಕೆ ಉಪಕಾರದ ಬಣ್ಣ ಯಾಕೆ ಬಳಿಯಬೇಕು? ಹೆಚ್ಚು ಕೊಂದವರಿಗೆ ಬಹುಮಾನ ಕೊಡುವ ಪಂದ್ಯಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂ ಮೆಕ್ಸಿಕೋ 2019ರಲ್ಲಿ ನಿಲ್ಲಿಸಿದವು. ಅದು ಬಿಡಿ, ಪಂದ್ಯ ತಪ್ಪು ಅಂತ ನನ್ನ ಈ ಇಬ್ಬರು ಗೆಳೆಯರೂ ಒಪ್ಪುತ್ತಾರೆ. ಮರಿ ಕೂಗಿನ ವಿಷಯ ಎತ್ತಿದರೆ ಮಾತ್ರ ಟೆಸ್ಟಿಂಗ್‌ನವನು ‘ಅದು ಎಲ್ಲರೂ ಮಾಡ್ತಾರೆ’ ಅಂತಾನೆ. ಮೊಲದ ಕೂಗಿನಲ್ಲಿ ಹಸಿವಿಗೆ ಬಲೆ ಹಾಕುತ್ತೀವಿ. ಅದು ನನಗೆ ಹೇಗೋ ಜೀರ್ಣ ಆಗುತ್ತೆ. ಇನ್ನೊಂದು ಆಗುವುದಿಲ್ಲ. ವ್ಯತ್ಯಾಸ ಏನು ಅಂತ ತರ್ಕ ಮಾಡಿದರೆ ನಾನು ಸೋಲಬಹುದು.

ಮೊನ್ನೆ ಡೇಟಾಬೇಸಿನವನು ಮೆಸೇಜ್ ಮಾಡಿದ್ದ. ಫೆಬ್ರವರಿ ಎರಡನೇ ಶನಿವಾರ ಮತ್ತೆ ಹೋಗೋಣ, ನಿನ್ನ ಕೈ ಚೆನ್ನಾಗಿದೆ ಅಂತ. ಬರುತ್ತೇನೆ, ರಿಮೋಟ್ ಮಾತ್ರ ಬೇರೆಯವರಿಗೆ ಕೊಡು, ನಾನು ಬೈನಾಕ್ಯುಲರ್ ಹಿಡಿಯುತ್ತೇನೆ ಅಂದೆ.

“ಎಲ್ಲಿದೆ ಅಂತ ತೋರಿಸುವವನು ನೀನೇ ಆದರೆ, ಗುಂಡಿ ಯಾರು ಒತ್ತಿದರೇನು?” ಅಂತ ಬರೆದಿದ್ದಾನೆ.

ನಾಲ್ಕು ದಿನ ಆಯಿತು. ಇನ್ನೂ ಉತ್ತರ ಕಳಿಸಿಲ್ಲ.