ಮೂಗು ಇನ್ನೂ ಬಂದಿಲ್ಲ

ಜೇಬಲ್ಲಿ ಒಂದು ಮೊಬೈಲು, ಚೀಲದಲ್ಲಿ ಒಂದು ಅಂಗೈ ಕಂಪ್ಯೂಟರು. ಎರಡಕ್ಕೂ ದುಡ್ಡು ಕೊಟ್ಟವನು ನಾನೇ. ಆದರೆ ಅವೆರಡೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಓರಗಿತ್ತಿಯರ ಹಾಗೆ. 2005ನೇ ಇಸವಿ ಇದು, ಕೈಯಲ್ಲೇ ಇಂಟರ್‌ನೆಟ್ ಅಂತ ಊರೆಲ್ಲ ಬೋರ್ಡು ಹಾಕಿದ್ದಾರೆ. ಯಾರ ಕೈಯಲ್ಲೋ ಗೊತ್ತಿಲ್ಲ. ಹೋದ ಶನಿವಾರದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಮೆರಿಕದಲ್ಲಿರುವ ತಂಗಿಗೆ ಹೆಣ್ಣುಮಗು ಹುಟ್ಟಿ ಹತ್ತು ದಿನವಾಗಿತ್ತು. ಶುಕ್ರವಾರ ರಾತ್ರಿ ಫೋಟೋ ಕಳಿಸಿದ್ದಳು. ಮೈಸೂರಲ್ಲಿ ಅಮ್ಮ ಕಾಯ್ತಾ ಇದ್ದಾಳೆ. ನಮ್ಮ ಬೀದಿಯ ಸೈಬರ್ ಸೆಂಟರಿನವನು ಹತ್ತು ಗಂಟೆಗೆ ಮುಂಚೆ ಶಟರ್ ಎತ್ತೋದಿಲ್ಲ. ರೈಲಲ್ಲೇ ಫೋಟೋ ಇಳಿಸಿಕೊಂಡು ಅಮ್ಮನ ಅಂಗೈಗೆ ಮೊಮ್ಮಗಳನ್ನು ಕೊಡೋಣ ಅಂತ ನನಗೊಂದು ಜಂಬ.

ರಾತ್ರಿಯೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಎಲ್ಲ ಸೆಟ್ಟಿಂಗ್ ಬರೆದುಕೊಂಡಿದ್ದೆ. ಡಯಲ್ ಮಾಡೋದು ಸ್ಟಾರ್ 99 ಹ್ಯಾಶ್.

"ಯೂಸರ್‌ನೇಮ್ ಏನು ಹಾಕಲಿ?"

"ಖಾಲಿ ಬಿಡಿ ಸರ್."

"ಖಾಲಿ ಬಿಟ್ರೆ ತಗೊಳ್ತಾ ಇಲ್ಲ."

"ಹಾಗಾದ್ರೆ ಏನಾದ್ರೂ ಹಾಕಿ ಸರ್."

ಮನೆದೇವರ ಹೆಸರು ಹಾಕಿದೆ. ತಗೊಂಡಿತು.

ಇಂಟರ್‌ನೆಟ್ ಬರೋದು ಮೊಬೈಲಿಗೆ, ಫೋಟೋ ಕಾಣೋದು ಅಂಗೈ ಕಂಪ್ಯೂಟರಲ್ಲಿ. ಇನ್ನು ಇವೆರಡೂ ಮಾತಾಡೋದು ಇನ್‌ಫ್ರಾರೆಡ್‌ನಲ್ಲಿ, ಅಂದರೆ ಕಣ್ಣಿಗೆ ಕಾಣದ ಬೆಳಕಲ್ಲಿ. ಎರಡರ ಅಂಚಲ್ಲೂ ಒಂದೊಂದು ಪುಟ್ಟ ಕಪ್ಪು ಕಿಟಕಿ. ಕಿಟಕಿಗೆ ಕಿಟಕಿ ಎದುರಾಗಬೇಕು. ಒಂದು ಮೀಟರಿಗಿಂತ ದೂರ ಹೋಗಬಾರದು, ಆ ಕಡೆ ಈ ಕಡೆ 15 ಡಿಗ್ರಿಗಿಂತ ಜಾಸ್ತಿ ವಾಲಬಾರದು. ಜಾತಕದ ಗುರುದೃಷ್ಟಿಗೂ ಇಷ್ಟು ಕಟ್ಟುನಿಟ್ಟಿಲ್ಲ. ಬ್ಲೂಟೂತ್ ಇರುವ ಫೋನಾದರೆ ಜೇಬಲ್ಲಿದ್ದುಕೊಂಡೇ ಮಾತಾಡುತ್ತೆ. ಅದಕ್ಕೆ ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜನ ಹೆಸರಿಟ್ಟಿದ್ದಾರೆ. ರೇಟೂ ರಾಜನದ್ದೇ, ಹಾಗಾಗಿ ನನ್ನ ಫೋನಲ್ಲಿಲ್ಲ.

ಕೆಂಗೇರಿ ದಾಟಿದ ಮೇಲೆ ತೊಡೆಯ ಮೇಲೆ ಪೇಪರ್ ಮಡಿಚಿಟ್ಟು, ಅದರ ಮೇಲೆ ಎರಡನ್ನೂ ಎದುರುಬದುರು ಮಲಗಿಸಿದೆ. ರೈಲು ಒಂದು ಸಲ ಕುಲುಕಿದರೆ ಎರಡೂ ಮುಖ ತಿರುಗಿಸುತ್ತವೆ. ಅದು ಸಾಲದು ಅಂತ ಕಿಟಕಿಯಿಂದ ಎಳೆಬಿಸಿಲು. ನೇರ ಬಿಸಿಲು ಬಿದ್ದರೆ ಇನ್‌ಫ್ರಾರೆಡ್‌ಗೆ ಕಣ್ಣು ಕತ್ತಲೆ. ಬೇರೆ ದಾರಿ ಕಾಣದೆ ಚೀಲದಿಂದ ಟವಲ್ ತೆಗೆದು ಮುಚ್ಚಿದೆ. ಮುಚ್ಚಿದರೆ ನನಗೆ ಸ್ಕ್ರೀನ್ ಕಾಣಬೇಕಲ್ಲ? ತಲೆಯನ್ನೂ ಒಳಗೆ ತೂರಿಸಿದೆ.

ಪಕ್ಕದಲ್ಲಿ ಒಬ್ಬರು ಯಜಮಾನರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಕನೆಕ್ಟಿಂಗ್ ಅಂತ ಬಂದು ಇನ್ನೇನು ಆಯಿತು ಅನ್ನುವಷ್ಟರಲ್ಲಿ ಟವಲಿನ ಅಂಚು ಎತ್ತಿದರು. ಬಿಸಿಲು ಬಿತ್ತು, ಕನೆಕ್ಷನ್ ಹೋಯಿತು.

"ನೆಗಡೀನಾ? ಹಬೆ ತಗೊಳ್ತಾ ಇದ್ದೀಯೇನಪ್ಪಾ?"

"ಇಲ್ಲ ಸಾರ್, ಇಂಟರ್‌ನೆಟ್ಟು."

"ಓಹೋ," ಅಂದರು, ಅದೂ ಒಂದು ಕಾಯಿಲೆ ಅನ್ನೋ ಹಾಗೆ.

ಮತ್ತೆ ಒಳಗೆ ಹೋದೆ. ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿದರು. "ನೀಲಗಿರಿ ಎಣ್ಣೆ ಇದೆ, ಬೇಕಾ?" ಬೇಡ ಸಾರ್ ಅಂದೆ. ಬಿಡದಿ ಹೋಯಿತು. ಮೂರನೇ ಸಲ ಎತ್ತಿ, "ಕಡಲೆಕಾಯಿ ತಗೋ, ಬಿಸಿ ಇದೆ" ಅಂದರು. ಇಷ್ಟು ಅಕ್ಕರೆಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳೋದಾದರೂ ಹೇಗೆ? ಮಾಡಿಕೊಂಡೆ. ಎದುರು ಸೀಟಿನ ಮಗುವೊಂದು ನನ್ನ ಟವಲನ್ನೇ ನೋಡುತ್ತಾ, ಆ ಮಾಮ ಯಾಕೆ ಅಳ್ತಾ ಇದ್ದಾರೆ ಅಂತ ಅವರಮ್ಮನನ್ನು ಕೇಳಿತು.

ಮದ್ದೂರಲ್ಲಿ ರೈಲು ನಿಂತಾಗ ಯಜಮಾನರು ವಡೆ ತರಲು ಇಳಿದರು. ಆ ಗ್ಯಾಪಲ್ಲಿ ಕನೆಕ್ಟ್ ಆಯಿತು! ಮೊಬೈಲಿಗೆ ಇಂಟರ್‌ನೆಟ್ ತರುವ ಈ ಜಿಪಿಆರ್‌ಎಸ್ ಕಾಗದದ ಮೇಲೆ ಸೆಕೆಂಡಿಗೆ 171 ಕಿಲೋಬಿಟ್ ಓಡುತ್ತೆ. ರೈಲಲ್ಲಿ 30 ಸಿಕ್ಕರೆ ಪುಣ್ಯ. ತಂಗಿಯ ಮಗಳು ಮೇಲಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿದಳು. ಮೊದಲು ಬಿಳಿ ಕುಲಾವಿ. ಆಮೇಲೆ ಹಣೆ. ಹಣೆಯ ಪಕ್ಕ ಕಾಸಿನಗಲ ದೃಷ್ಟಿಬೊಟ್ಟು. ಅಲ್ಲೂ ಕಾಡಿಗೆ ತೀಡಿದ್ದಾಳಲ್ಲ ಅಂತ ಗಂಟಲು ಸ್ವಲ್ಪ ಕಟ್ಟಿತು. ಮೊದಲೆಲ್ಲ ಅಮೆರಿಕದ ಫೋಟೋ ಬರೋಕೆ ಅಂಚೆಯಲ್ಲಿ ಹದಿನೈದು ದಿನ ಹಿಡಿಯುತ್ತಿತ್ತು. ಆದರೆ ಬಂದರೆ ಇಡೀ ಮಗು ಬರುತ್ತಿತ್ತು.

ಕಣ್ಣು ಬಂತು. ಮುಚ್ಚಿದ ಕಣ್ಣು, ಥೇಟ್ ನಮ್ಮಪ್ಪನ ರೆಪ್ಪೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ನನ್ನ ಫೋನಿಗೆ ಕಾಲ್ ಬಂದರೆ ಇಂಟರ್‌ನೆಟ್ ನಿಲ್ಲುತ್ತೆ. ಅಮ್ಮ.

"ಫೋಟೋ ಬಂತೇನೋ?"

"ಬರ್ತಾ ಇತ್ತಮ್ಮ, ನೀನು ಫೋನ್ ಮಾಡಿದೆ."

"ಅದಿರಲಿ, ಮೂಗು ಯಾರ ಥರ ಇದೆ ಹೇಳು. ಅವರತ್ತೆ ಅವರ ಮೂಗೇ ಅಂತಿದ್ದಾರೆ."

"ಮೂಗು ಇನ್ನೂ ಬಂದಿಲ್ಲಮ್ಮ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಏನೋ ಹಾಗಂದ್ರೆ? ಮಗೂಗೆ ಮೂಗಿಲ್ವಾ?"

ಎದುರಿಗೆ ಯಜಮಾನರು ಕೈಯಲ್ಲಿ ಎರಡು ವಡೆ ಹಿಡಿದು ನಿಂತಿದ್ದರು. ಕೇಳಿಸಿಕೊಂಡಿದ್ದರು ಅಂತ ಕಾಣುತ್ತೆ. ಒಂದು ವಡೆ ನನ್ನ ಕೈಗಿಟ್ಟು, ಪಾಪ, ತಾವೇ ಟವಲ್ ಎಳೆದು ನನ್ನ ತಲೆಗೆ ಹೊದಿಸಿದರು.