ಮೊಟ್ಟೆ ಟ್ರೇ ಅಂಟಿಸುವ ಮುನ್ನ ಒಮ್ಮೆ ಚಪ್ಪಾಳೆ ತಟ್ಟಿ

ಅಪ್ಪ ಗಮಕಿ. ಅವರ ವಾಚನವನ್ನು ಮನೆಯಲ್ಲೇ ಧ್ವನಿಮುದ್ರಿಸಬೇಕೆಂದು ಒಂದು ಮೈಕ್ ತಂದೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಿಂದಿನ ಕೋಣೆ 10 ಅಡಿಗೆ 11 ಅಡಿ. ನೆಲಕ್ಕೆ ಟೈಲ್ಸ್, ಗೋಡೆಗೆ ನುಣ್ಣನೆಯ ಪುಟ್ಟಿ. ಮುದ್ರಿಸಿದ್ದನ್ನು ಕೇಳಿ ಅಪ್ಪ, "ಬಾವಿಗೆ ಇಳಿದು ಓದಿದ ಹಾಗಿದೆಯಲ್ಲಮ್ಮ" ಎಂದರು. ಇನ್ನೂ ದುಬಾರಿ ಮೈಕ್ ತಂದೆ. ಬಾವಿ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿತು.

"ಮನೆಯಲ್ಲಿ ಇದೆಲ್ಲ ಆಗುವ ಕೆಲಸವೇ? ಸ್ಟುಡಿಯೋಗೆ ಕರೆದುಕೊಂಡು ಹೋಗು" ಎಂದರು ಚಿಕ್ಕಪ್ಪ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ತೆರೆದ ಊರಿನಲ್ಲಿ ಕುಳಿತು ಆಡುವ ಮಾತೇ ಇದು!

ಹಠಕ್ಕೆ ಬಿದ್ದು ಕೆಲಸ ಶುರು ಮಾಡಿದೆ. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ: ಅಂಗಡಿಯಿಂದ ಮೊಟ್ಟೆ ಟ್ರೇ ತಂದು ಗೋಡೆ ತುಂಬ ಅಂಟಿಸಿದೆ. ಚಪ್ಪಾಳೆ ತಟ್ಟಿದರೆ ಅದೇ ಠಣಠಣ. ಶಬ್ದವನ್ನು ಹೀರುವುದು ಉಬ್ಬುತಗ್ಗಿನ ಆಕಾರವಲ್ಲ, ವಸ್ತುವಿನ ದಪ್ಪ ಮತ್ತು ಅದರೊಳಗಿನ ರಂಧ್ರಗಳು. ಆ ರಂಧ್ರಗಳಲ್ಲಿ ನುಗ್ಗುವ ಗಾಳಿ ಎಳೆಗಳಿಗೆ ಉಜ್ಜಿ, ಶಬ್ದದ ಶಕ್ತಿ ತುಸು ಶಾಖವಾಗಿ ಕರಗುತ್ತದೆ. ಅಪ್ಪನದು ತಗ್ಗು ದನಿ. 100 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಅಂಥ ಅಲೆಗೆ ಕಾಗದದ ಟ್ರೇ ಯಾವ ಲೆಕ್ಕ? ಒಂದು ಇಂಚಿನ ಅಲಂಕಾರದ ಫೋಮ್ ಕೂಡ ಸ, ಶ ಅಕ್ಷರಗಳ ಹರಿತವನ್ನಷ್ಟೇ ನುಂಗಿ, ತಗ್ಗು ದನಿಯ ಗುಂಯ್‌ಗುಡುವಿಕೆಯನ್ನು ಹಾಗೆಯೇ ಬಿಟ್ಟುಬಿಡುತ್ತದೆ.

ಕೊನೆಗೆ ರಾಕ್‌ವೂಲ್ ಎಂಬ ಎಳೆಎಳೆಯಾದ ಹಲಗೆಗಳನ್ನು ತರಿಸಿದೆ. 50 ಮಿಲಿಮೀಟರ್ ದಪ್ಪದ ಎರಡು ಹಲಗೆಗಳನ್ನು ಜೋಡಿಸಿದರೆ ಒಂದು ಪ್ಯಾನೆಲ್. ಬಡಗಿ ಮರದ ಪಟ್ಟಿಯಲ್ಲಿ 4 ಅಡಿಗೆ 2 ಅಡಿಯ ಚೌಕಟ್ಟು ಮಾಡಿಕೊಟ್ಟರು. ಮೇಲೆ ಹೊದಿಸುವ ಬಟ್ಟೆಗೆ ಒಂದೇ ಪರೀಕ್ಷೆ: ಬಾಯಿಗೆ ಹಿಡಿದು ಊದಿದರೆ ಉಸಿರು ಸಲೀಸಾಗಿ ಆಚೆ ಹೋಗಬೇಕು. ಅಮ್ಮನ ಹಳೆಯ ನೂಲಿನ ಸೀರೆಗಳು ಪಾಸಾದವು. ನಾನು ಆಸೆಪಟ್ಟು ತಂದಿದ್ದ ರೆಕ್ಸಿನ್ ಫೇಲಾಯಿತು. ರಾಕ್‌ವೂಲ್‌ನ ಎಳೆಗಳು ಮೈಗೆ ಚುಚ್ಚುತ್ತವೆ. ಮುಖಗವಸು, ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ನಾನು ಮುಟ್ಟಿ ಎರಡು ದಿನ ಕೆರೆದುಕೊಂಡೆ.

ಪ್ಯಾನೆಲ್ ಮತ್ತು ಗೋಡೆಯ ನಡುವೆ ನಾಲ್ಕು ಇಂಚು ಜಾಗ ಬಿಟ್ಟೆ. ಆ ಖಾಲಿ ಜಾಗವೂ ತಗ್ಗು ದನಿಯನ್ನು ಹೀರಲು ನೆರವಾಗುತ್ತದೆ, ಅದೂ ಪುಕ್ಕಟೆಯಾಗಿ. ಮೈಕಿನ ಹಿಂದಿನ ಗೋಡೆಗೆ ಮಾತ್ರ ಪ್ಯಾನೆಲ್ ಹಾಕಿ ಸುಮ್ಮನಾಗುವವರೇ ಹೆಚ್ಚು. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಕಾರ್ಡಿಯಾಯ್ಡ್ ಮೈಕ್ ತನ್ನ ಎದುರಿಗಿರುವುದನ್ನೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಅಂದರೆ ಓದುವವರ ಬೆನ್ನ ಹಿಂದಿನ ಗೋಡೆಯನ್ನೂ. ಮೊದಲ ಎರಡು ಪ್ಯಾನೆಲ್‌ಗಳನ್ನು ಅಲ್ಲಿಗೇ ಹಾಕಿದೆ. ದುಬಾರಿ ಮೈಕನ್ನು ಮಾರಿ ಹಳೆಯದರಲ್ಲೇ ಮುದ್ರಿಸಿದೆ. ಬಾವಿ ಬತ್ತಿತ್ತು.

ಇದನ್ನು 'ಸೌಂಡ್‌ಪ್ರೂಫ್' ಎಂದು ಹೇಳಿ ಮಾರುವವರ ಮೇಲೆ ನನಗೆ ಕೋಪವಿದೆ. ಒಳಗಿನ ಮಾರ್ದನಿ ಅಡಗುತ್ತದೆ, ಹೊರಗಿನ ಹಾರ್ನ್ ಅಲ್ಲ. ಸೊಪ್ಪಿನ ಗಾಡಿಯ ಧ್ವನಿವರ್ಧಕ ಈಗಲೂ ದಿನಾ ಏಳಕ್ಕೆ ಸರಿಯಾಗಿ ಒಳಗೆ ಬರುತ್ತದೆ. ಹಾಗಾಗಿ ನಮ್ಮ ವಾಚನ ಐದಕ್ಕೆ.

ಚಾವಣಿಗೊಂದು ಪ್ಯಾನೆಲ್ ಬಾಕಿ ಇದೆ. ರಾಕ್‌ವೂಲ್ ಎಂದರೆ ಕಲ್ಲನ್ನು ಕರಗಿಸಿ ಎಳೆದ ಎಳೆ ಎಂದು ಅಪ್ಪನಿಗೆ ವಿವರಿಸಿದ್ದೇ ತಪ್ಪಾಯಿತು. "ನನ್ನ ತಲೆಯ ಮೇಲೆ ಬಂಡೆ ತೂಗುಹಾಕಬೇಡ" ಎಂದುಬಿಟ್ಟರು. ಸದ್ಯಕ್ಕೆ ಅದು ಮೂಲೆಗೆ ಒರಗಿ ನಿಂತಿದೆ. ತಗ್ಗು ದನಿ ಮೂಲೆಗಳಲ್ಲೇ ಹೆಚ್ಚು ಗುಡ್ಡೆಯಾಗುವುದರಿಂದ ಅಲ್ಲೂ ಅದಕ್ಕೆ ಕೈತುಂಬ ಕೆಲಸ.