ಸೆನೆಟರ್ ಇಲ್ಲ, ಉತ್ತರ ಸರಿ

ಮಕ್ಕಳಿಗೆ ಪರೀಕ್ಷೆ ಬರೆಸುವುದರಲ್ಲೇ ಆಯಸ್ಸು ಕಳೆದ ನಮ್ಮ ಅತ್ತೆಗೆ 75ನೇ ವಯಸ್ಸಿನಲ್ಲಿ ತಾವೇ ಪರೀಕ್ಷೆಗೆ ಕೂರುವ ಯೋಗ ಬಂತು. ಅರಸೀಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವರು. ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿಸಿಗೆ ಬಂದು ಇಲ್ಲೇ ಉಳಿದರು. ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ದಾಟಿತು. 55 ದಾಟಿದ ಇಂಥವರು ಅಮೆರಿಕದ ಪೌರತ್ವದ ಪರೀಕ್ಷೆಯನ್ನು ತಮ್ಮ ಭಾಷೆಯಲ್ಲೇ ಕೊಡಬಹುದು. ಪಕ್ಕದಲ್ಲಿ ಒಬ್ಬ ದುಭಾಷಿ ಇದ್ದರಾಯ್ತು. ಕನ್ನಡ ಮೀಡಿಯಂನಲ್ಲಿ ಅಮೆರಿಕನ್ ಆಗಬಹುದು ಅಂತ ಗೊತ್ತಾದ ದಿನ ಅತ್ತೆ ಕನ್ನಡಕ ಒರೆಸಿಕೊಂಡು ಓದಲು ಕೂತರು.

ಇದು 2024ರ ಮಾತು. ಆಗ ಪಟ್ಟಿಯಲ್ಲಿ 100 ಪ್ರಶ್ನೆ. ಕೇಳುವುದು ಹೆಚ್ಚೆಂದರೆ 10, ಆರು ಸರಿಯಾದರೆ ಪಾಸು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆ ಆಗಿವೆ, 20 ಕೇಳ್ತಾರೆ, 12 ಸರಿ ಇರಬೇಕು. ಪಾಠ ಹೇಳಿಕೊಡುವ ಕೆಲಸ ಮನೆ ಅಳಿಯನಾದ ನನ್ನ ಪಾಲಿಗೆ ಬಂತು. ಸಂವಿಧಾನದ ಮೊದಲ ಮೂರು ಪದ, 27 ತಿದ್ದುಪಡಿ, ಕೆಳಮನೆಯ 435 ಪ್ರತಿನಿಧಿಗಳು, ಮೇಲ್ಮನೆಯಾದ ಸೆನೆಟ್‌ನ 100 ಸೆನೆಟರ್‌ಗಳು, ಎಲ್ಲ ಮಗ್ಗಿಯ ಹಾಗೆ ಬಾಯಿಗೆ ಬಂದವು. ಗಾಡಿ ನಿಂತಿದ್ದು 20ನೇ ಪ್ರಶ್ನೆಯಲ್ಲಿ: ನಿಮ್ಮ ರಾಜ್ಯದ ಈಗಿನ ಒಬ್ಬ ಸೆನೆಟರ್ ಯಾರು?

"ನಮ್ಮ ಸೆನೆಟರ್ ಯಾರು ಅಳಿಯಂದಿರೇ?"

"ಯಾರೂ ಇಲ್ಲ ಅತ್ತೆ."

"ನಿಮಗೆ ಗೊತ್ತಿಲ್ಲ ಅನ್ನಿ. ಪರವಾಗಿಲ್ಲ, ಫೋನಲ್ಲಿ ನೋಡಿ ಹೇಳಿ."

ಸರ್ಕಾರವೇ ಅಚ್ಚು ಹಾಕಿಸಿದ ಉತ್ತರ ತೋರಿಸಿದೆ. ಕಂಸದಲ್ಲಿ ಬರೆದಿದೆ: ವಾಷಿಂಗ್ಟನ್ ಡಿಸಿಯಲ್ಲಿ ಇರುವವರು, ತಮಗೆ ಸೆನೆಟರ್ ಇಲ್ಲ ಅಂತ ಉತ್ತರ ಕೊಡಬೇಕು. ರಾಜ್ಯದ ರಾಜಧಾನಿಯ ಪ್ರಶ್ನೆಗೂ ಅದೇ ಗತಿ. ಡಿಸಿ ರಾಜ್ಯವಲ್ಲ, ಅದಕ್ಕೆ ರಾಜಧಾನಿ ಇಲ್ಲ ಅನ್ನಬೇಕು. ಕಿಟಕಿಯಿಂದ ಬಗ್ಗಿದರೆ ಸಂಸತ್ ಭವನ ಕ್ಯಾಪಿಟಲ್‌ನ ಬಿಳಿ ಗುಮ್ಮಟ ಕಾಣುವ ಮನೆಯಲ್ಲಿ ಕೂತು ನಾನು ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆ.

"ಇಲ್ಲ ಅಂತ ಬರೆದ ಮಕ್ಕಳಿಗೆ ನಾನು ಸೊನ್ನೆ ಸುತ್ತುತ್ತಿದ್ದೆ" ಅಂದರು ಅತ್ತೆ.

ವಿಷಯ ಇಷ್ಟೇ. 2020ರ ಜನಗಣತಿಯಲ್ಲಿ ಡಿಸಿಯ ಜನಸಂಖ್ಯೆ 6,89,545. ವಯೋಮಿಂಗ್ ರಾಜ್ಯದ್ದು 5,76,851. ವಯೋಮಿಂಗ್‌ಗೆ ಇಬ್ಬರು ಸೆನೆಟರ್, ನಮಗೆ ಸೊನ್ನೆ. ತಲಾವಾರು ಲೆಕ್ಕ ಹಾಕಿದರೆ ಕೇಂದ್ರಕ್ಕೆ ಹೆಚ್ಚು ತೆರಿಗೆ ಕಟ್ಟುವವರಲ್ಲಿ ಡಿಸಿಯವರೇ ಮುಂದು. ಕೆಳಮನೆಗೆ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು. 1991ರಿಂದ ಆ ಕುರ್ಚಿಯಲ್ಲಿದ್ದವರು ಎಲೀನರ್ ಹೋಮ್ಸ್ ನಾರ್ಟನ್. ಭಾಷಣ ಮಾಡಬಹುದು, ಸಮಿತಿಯಲ್ಲಿ ಕೂರಬಹುದು, ಮಸೂದೆ ಪಾಸು ಮಾಡುವ ಕೊನೆಯ ಮತ ಮಾತ್ರ ಹಾಕುವಂತಿಲ್ಲ. ಮದುವೆಗೆ ಕರೆದು, ತರಕಾರಿ ಹೆಚ್ಚಿಸಿ, ಪಂಕ್ತಿ ಕೂರುವಾಗ ನಿಮಗೆ ಎಲೆ ಇಲ್ಲ ಅಂದ ಹಾಗೆ.

ಯಾಕೆ ಹೀಗೆ ಅಂದರೆ 1783ರ ಕಥೆ ಹೇಳ್ತಾರೆ. ಸಂಬಳ ಬಾಕಿ ಇದ್ದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ಸನ್ನು, ಅಂದರೆ ಇಲ್ಲಿನ ಸಂಸತ್ತನ್ನು, ಮುತ್ತಿಗೆ ಹಾಕಿದರು. ಪೆನ್ಸಿಲ್ವೇನಿಯಾ ಸರ್ಕಾರ ರಕ್ಷಣೆಗೆ ಬರಲಿಲ್ಲ. ಅದಕ್ಕೇ ರಾಜಧಾನಿ ಯಾವ ರಾಜ್ಯದ ಕೈಯಲ್ಲೂ ಇರಬಾರದು ಅಂತ ತೀರ್ಮಾನವಾಯ್ತು. ಸರಿ, ಒಪ್ಪೋಣ. ಆದರೆ ಸಂಬಳ ಕೊಡದವರದು ಒಂದು ತಪ್ಪು, ಕಾಯದವರದು ಇನ್ನೊಂದು. ಎರಡಕ್ಕೂ ದಂಡ ಕಟ್ಟುತ್ತಿರುವವರು ಆಗಿನ್ನೂ ಹುಟ್ಟಿಯೇ ಇರದ ಊರಿನವರು!

61ನೇ ಪ್ರಶ್ನೆಗೆ ಬಂದಾಗ ಅತ್ತೆ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ವಸಾಹತಿನ ಜನ ಬ್ರಿಟಿಷರ ವಿರುದ್ಧ ಯಾಕೆ ಹೋರಾಡಿದರು? ಮೂರು ಉತ್ತರ ಕೊಟ್ಟಿದ್ದಾರೆ, ಯಾವುದು ಹೇಳಿದರೂ ಸರಿ. ಒಂದು, ಜಾಸ್ತಿ ತೆರಿಗೆ, ಅದೂ ಪ್ರತಿನಿಧಿ ಇಲ್ಲದೆ ತೆರಿಗೆ. ಎರಡು, ಬ್ರಿಟಿಷ್ ಸೈನಿಕರು ಇವರ ಮನೆಗಳಲ್ಲಿ ಬಂದು ಕೂತಿದ್ದರು. ಮೂರು, ಸ್ವಂತ ಆಡಳಿತ ಇರಲಿಲ್ಲ.

"20ಕ್ಕೆ ಹೇಳಬೇಕಾದ್ದೂ ಇದೇ ತಾನೆ?"

"ಅತ್ತೆ, 20 ಈಗಿನದು. 61 ಇತಿಹಾಸ. ಬೆರೆಸಬೇಡಿ."

ಬೆರೆಸಬೇಡಿ ಅಂದೆನೇ ಹೊರತು, ನಮ್ಮ ಊರಿನ ಕಾರುಗಳೇ ಬೆರೆಸಿಕೊಂಡು ಓಡಾಡುತ್ತವೆ. 2000ನೇ ಇಸವಿಯಿಂದ ಡಿಸಿಯ ನಂಬರ್ ಪ್ಲೇಟಿನ ಮೇಲೆ "ಪ್ರಾತಿನಿಧ್ಯವಿಲ್ಲದ ತೆರಿಗೆ" ಅಂತ ಅಚ್ಚು ಹಾಕುತ್ತಾರೆ. ಇತ್ತೀಚಿನ ಪ್ಲೇಟುಗಳಲ್ಲಿ "ನಿಲ್ಲಿಸಿ" ಅಂತಲೂ ಸೇರಿದೆ. ಅಧ್ಯಕ್ಷರ ಕಾರಿನದು ಇನ್ನೂ ಮಜಾ. ಎಂಟು ವರ್ಷ ಅಧಿಕಾರದಲ್ಲಿದ್ದ ಕ್ಲಿಂಟನ್ ಮನೆ ಖಾಲಿ ಮಾಡುವ ಹೊತ್ತಿಗೆ ಈ ಪ್ಲೇಟ್ ಹಾಕಿಸಿದರು. ಬುಷ್ ಬಂದು ತೆಗೆಸಿದರು. ಒಬಾಮ ಮೊದಲ ನಾಲ್ಕು ವರ್ಷ ಸುಮ್ನಿದ್ದು, ಎರಡನೇ ಸಲ ಗೆದ್ದ ಮೇಲೆ 2013ರಲ್ಲಿ ಮತ್ತೆ ಹಾಕಿಸಿದರು. ನಾಗರಿಕ ಹಕ್ಕು ಅಂದರೆ ಎರಡು ಸ್ಕ್ರೂ, ಒಂದು ಸ್ಪ್ಯಾನರ್.

ಅತ್ತೆಯ ಎರಡನೇ ಉತ್ತರಕ್ಕೂ ಮರುವರ್ಷವೇ ಜೀವ ಬಂತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಅಪರಾಧದ ತುರ್ತು ಪರಿಸ್ಥಿತಿ ಅಂತ ಘೋಷಿಸಿದರು. ಊರಿನ ಪೊಲೀಸರನ್ನು 30 ದಿನ ತಮ್ಮ ಕೈಗೆ ತೆಗೆದುಕೊಂಡರು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೈನಿಕರನ್ನು ಇಳಿಸಿದರು. ಮನೆಯೊಳಗೆ ಯಾರೂ ಬರಲಿಲ್ಲ, ಅಷ್ಟರ ಮಟ್ಟಿಗೆ 1776ಕ್ಕಿಂತ ಪ್ರಗತಿಯೇ. ಸಮೀಕ್ಷೆಯಲ್ಲಿ ಊರಿನ ಹತ್ತರಲ್ಲಿ ಸುಮಾರು ಎಂಟು ಮಂದಿ ಇದು ಬೇಡ ಅಂದರು. ಅಂದರು, ಅಷ್ಟೇ. ಸೈನಿಕರು ಪಾಪ, ಪಾರ್ಕುಗಳಲ್ಲಿ ಕಸ ಹೆಕ್ಕಿದರು.

ಈ ಊರಿನ ಜನಾಭಿಪ್ರಾಯಕ್ಕೆ ದೊಡ್ಡ ಚರಿತ್ರೆಯೇ ಇದೆ. ಅತ್ತೆಗೆ ನಾನು ಹೇಳಿ ಕೆಟ್ಟಿದ್ದು 1998ರ ಕಥೆ. ಕಾಯಿಲೆಯವರಿಗೆ ಔಷಧವಾಗಿ ಗಾಂಜಾ ಕೊಡಬಹುದಾ ಅಂತ ಆ ನವೆಂಬರ್‌ನಲ್ಲಿ ಡಿಸಿಯ ಜನ ಮತ ಹಾಕಿದರು. ಅಷ್ಟರಲ್ಲಿ ಜಾರ್ಜಿಯಾದ ಬಾಬ್ ಬಾರ್ ಎಂಬ ಸಂಸದ, ಈ ವಿಷಯಕ್ಕೆ ಡಿಸಿ ಕಾಸು ಖರ್ಚು ಮಾಡುವಂತಿಲ್ಲ ಅಂತ ಬಜೆಟ್‌ನಲ್ಲಿ ಒಂದು ಸಾಲು ಸೇರಿಸಿದ್ದರು. ಹಾಗಾಗಿ ಮತ ಹಾಕಿದ್ದು ನಿಜ, ಎಣಿಕೆಯ ಫಲಿತಾಂಶ ಹೇಳುವ ಹಾಗಿಲ್ಲ! ಹತ್ತು ತಿಂಗಳು ಫಲಿತಾಂಶಕ್ಕೆ ಬೀಗ. 1999ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹೇಳಿದ ಮೇಲೆ ತೆಗೆದು ನೋಡಿದರೆ ಶೇಕಡಾ 69 ಮಂದಿ ಹೌದು ಅಂದಿದ್ದರು. ಆದರೂ ಕಾಂಗ್ರೆಸ್ 2009ರವರೆಗೆ ಅದನ್ನು ಜಾರಿಗೆ ಬಿಡಲಿಲ್ಲ. ಇಷ್ಟರ ನಡುವೆ ಸಂಸತ್ತಿನಿಂದ ಹೊರಬಿದ್ದಿದ್ದ ಬಾಬ್ ಬಾರ್, 2007ರಲ್ಲಿ ತಾವೇ ಸೇರಿಸಿದ ಆ ಸಾಲನ್ನು ತೆಗೆಸಿ ಅಂತ ಲಾಬಿ ಮಾಡುವ ಕೆಲಸಕ್ಕೆ ಸೇರಿದರು. ಬಾವಿ ತೋಡಿದವರೇ ಹಗ್ಗ ಮಾರಲು ಕೂತ ಹಾಗೆ.

ಅತ್ತೆಗೆ ಈ ಕಥೆ ಅರಗಲೇ ಇಲ್ಲ. ಎಷ್ಟೋ ಪಂಚಾಯಿತಿ ಚುನಾವಣೆಗೆ ಡ್ಯೂಟಿ ಮಾಡಿದವರು ಅವರು. ರಾತ್ರಿಯೆಲ್ಲ ಬ್ಯಾಲೆಟ್ ಪೆಟ್ಟಿಗೆ ಕಾದು, ಬೆಳಗ್ಗೆ ಚೀಟಿಗಳನ್ನು ಬಿಡಿಸಿ, ಐವತ್ತೈವತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ ಕೈ. "ಒಂದು ಚೀಟಿ ಕಮ್ಮಿ ಬಂತು ಅಂತ ತಹಶೀಲ್ದಾರರು ನಮ್ಮನ್ನು ಸಂಜೆವರೆಗೆ ಕೂರಿಸಿದ್ದರು, ಗೊತ್ತಾ?" ಅಂದು ಎದ್ದು ಹೋದರು. ಆ ದಿನ ಪಾಠ ಮುಂದುವರೆಯಲಿಲ್ಲ.

(ನಾವೇನೂ ಸಾಚಾ ಅಲ್ಲ. ಬೆಂಗಳೂರಿನ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇರಲಿಲ್ಲ. ಆದರೆ ದೆಹಲಿಯವರಿಗೆ, ಲೆಫ್ಟಿನೆಂಟ್ ಗವರ್ನರ್ ಜೊತೆ ಎಷ್ಟೇ ಜಗಳ ಇರಲಿ, ಲೋಕಸಭೆಯಲ್ಲಿ ಏಳು, ರಾಜ್ಯಸಭೆಯಲ್ಲಿ ಮೂರು ಸೀಟಂತೂ ಇವೆ.)

ಡಿಸಿಯನ್ನು ರಾಜ್ಯ ಮಾಡಿಬಿಡಿ ಅಂತ 2016ರಲ್ಲಿ ಶೇಕಡಾ 85ಕ್ಕೂ ಹೆಚ್ಚು ಮತದಾರರು ಹೇಳಿದರು. ಈ ಸಲ ಎಣಿಸಿದರು, ದೊಡ್ಡ ಮನಸ್ಸು. ಕೆಳಮನೆ 2020ರಲ್ಲೂ 2021ರಲ್ಲೂ ಮಸೂದೆ ಪಾಸು ಮಾಡಿತು. ಎರಡು ಸಲವೂ ಅದು ಸೆನೆಟ್‌ನಲ್ಲಿ ಮಲಗಿತು. ಅಲ್ಲಿ ಏಳಿಸಲು ನಮ್ಮದೇ ಸೆನೆಟರ್ ಬೇಕು. ಸೆನೆಟರ್ ಬೇಕಾದರೆ ಸೆನೆಟ್ ಒಪ್ಪಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಪರೀಕ್ಷೆಯ ದಿನ ಅತ್ತೆ ಇಳಕಲ್ ಸೀರೆ ಉಟ್ಟು ಒಳಗೆ ಹೋದರು. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದರು.

"ಸೆನೆಟರ್ ಯಾರು ಅಂತ ಕೇಳಿದ್ರು. ಇಲ್ಲ ಅಂದೆ. ಸರಿ ಅಂದ್ರು. ಬ್ರಿಟಿಷರ ಜೊತೆ ಯಾಕೆ ಜಗಳ ಅಂದ್ರು. ಪ್ರತಿನಿಧಿ ಇಲ್ಲದೆ ತೆರಿಗೆ ಕಿತ್ಕೊಂಡ್ರು ಅಂದೆ. ಅದೂ ಸರಿ ಅಂದ್ರು."

"ಆಮೇಲೆ?"

"ಆಮೇಲೇನು, ದುಭಾಷಿ ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಫೀಸರ್ ಮುಂದಿನ ಪ್ರಶ್ನೆಗೆ ಹೋದರು."

ಆ 2024ರ ಅಕ್ಟೋಬರ್‌ನಲ್ಲೇ ಅತ್ತೆಯ ಹೆಸರಿಗೆ ಅಂಚೆಯಲ್ಲಿ ಬ್ಯಾಲೆಟ್ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು, ಸಾಲು ಸಾಲಿಗೂ ಬೆರಳಿಟ್ಟು ಓದಿದರು. ಅರ್ಧದಲ್ಲಿ ಬೆರಳು ನಿಂತಿತು.

"ಅಳಿಯಂದಿರೇ, ಇಲ್ಲಿ ಸೆನೆಟರ್ ಅಂತ ಇದೆಯಲ್ಲ! ನಾನು ಪರೀಕ್ಷೆಯಲ್ಲಿ ಸುಳ್ಳು ಹೇಳಿಬಿಟ್ನಾ?"

ಅದು ನೆರಳು ಸೆನೆಟರ್ ಅಂತ ವಿವರಿಸಿದೆ. 1990ರಿಂದ ಡಿಸಿ ಇಂಥ ಇಬ್ಬರನ್ನು ಆರಿಸುತ್ತಿದೆ. ಸಂಬಳ ಇಲ್ಲ, ಸೆನೆಟ್‌ನಲ್ಲಿ ಕುರ್ಚಿ ಇಲ್ಲ, ಮತವೂ ಇಲ್ಲ. ನಮಗೆ ರಾಜ್ಯ ಕೊಡಿ ಅಂತ ನಿಜವಾದ ಸೆನೆಟರ್‌ಗಳ ಬಾಗಿಲು ತಟ್ಟುವುದೇ ಕೆಲಸ. ಮೊದಲ ಸಲ ಗೆದ್ದವರಲ್ಲಿ ಜೆಸ್ಸಿ ಜಾಕ್ಸನ್ ಒಬ್ಬರು. ಆ ಸಲ ಅಂಕಿತ್ ಜೈನ್ ನಿಂತಿದ್ದರು, ನಮ್ಮ ದೇಶದ ಮೂಲದವರು.

"ಜೈನ್ ಅಂದ್ರೆ ಶ್ರವಣಬೆಳಗೊಳದ ಕಡೆಯವರಾ?"

"ಅಲ್ಲ ಅತ್ತೆ."

ಸ್ವಲ್ಪ ಹೊತ್ತು ಯೋಚಿಸಿ, ಕಪ್ಪು ಪೆನ್ನು ತೆಗೆದುಕೊಂಡು ಅಂಡಾಕಾರದ ಖಾಲಿ ಜಾಗವನ್ನು ಗೆರೆ ದಾಟದ ಹಾಗೆ ತುಂಬಿದರು. ಲಕೋಟೆಯ ಅಂಟು ಒತ್ತುತ್ತಾ ಕೇಳಿದರು:

"ನೆರಳಿಗೆ ಹಾಕಿದ ಓಟು. ಎಣಿಸ್ತಾರೆ ತಾನೆ?"